ಅಂಗಡಿಯಲ್ಲಿ ಹುಟ್ಟುವ ಅಪಾಯಕಾರಿ ಕಸ: ಗುರುತಿಸುವವರು ಯಾರು?

2026ರ ಏಪ್ರಿಲ್ 1ರಿಂದ ದೇಶದಾದ್ಯಂತ ಹೊಸ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಜಾರಿಗೆ ಬಂದಿವೆ. 2016ರ ನಿಯಮಗಳ ಜಾಗಕ್ಕೆ ಬಂದಿರುವ ಇವು, ಕಸವನ್ನು ಹುಟ್ಟಿದಲ್ಲೇ ನಾಲ್ಕಾಗಿ ಬೇರ್ಪಡಿಸಬೇಕು ಎನ್ನುತ್ತವೆ: ಹಸಿ ಕಸ, ಒಣ ಕಸ, ಸ್ಯಾನಿಟರಿ ಕಸ ಮತ್ತು ವಿಶೇಷ ಕಾಳಜಿಯ ಕಸ. ಮೊದಲ ಮೂರರ ಬಗ್ಗೆ ಜನರಿಗೆ ಹೆಚ್ಚು ಅನುಮಾನವಿಲ್ಲ. ತೊಡಕಿರುವುದು ನಾಲ್ಕನೆಯದರಲ್ಲಿ. ಬಣ್ಣದ ಡಬ್ಬಿ, ಬಲ್ಬು, ಪಾದರಸದ ಥರ್ಮಾಮೀಟರ್, ಔಷಧಿ ಮುಂತಾದವು ಈ ಗುಂಪಿಗೆ ಸೇರುತ್ತವೆ. ಇವನ್ನು ಅಧಿಕೃತ ಸಂಸ್ಥೆಗಳು ಬಂದು ಒಯ್ಯಬೇಕು, ಇಲ್ಲವೇ ನಿಗದಿತ ಸಂಗ್ರಹ ಕೇಂದ್ರಕ್ಕೆ ತಂದುಕೊಡಬೇಕು.

ಮನೆಯವರಿಗೆ ಇದು ವರ್ಷಕ್ಕೆ ಒಂದೆರಡು ಬಲ್ಬು, ಅರ್ಧ ಉಳಿದ ಮಾತ್ರೆಯ ಪಟ್ಟಿಯ ವಿಷಯ. ಅಂಗಡಿಯವರ ಪಾಡು ಬೇರೆ. ಸೋರುತ್ತಿರುವ ಟಾಯ್ಲೆಟ್ ಕ್ಲೀನರ್, ಅವಧಿ ಮುಗಿದ ಸೊಳ್ಳೆ ಸ್ಪ್ರೇ, ಗಿರಾಕಿ ವಾಪಸ್ ತಂದುಕೊಟ್ಟ ಉಬ್ಬಿದ ಪವರ್‌ಬ್ಯಾಂಕ್, ಗಟ್ಟಿಯಾದ ಪೇಂಟು, ಎಕ್ಸ್‌ಪೈರಿ ಆದ ಸಿರಪ್, ಒಡೆದ ಟ್ಯೂಬ್‌ಲೈಟ್ ಇವೆಲ್ಲ ಸಾಮಾನ್ಯವಾಗಿ ಹಿಂಬದಿಯ ಒಂದೇ ರಟ್ಟಿನ ಪೆಟ್ಟಿಗೆಗೆ ಬೀಳುತ್ತವೆ. ಇವನ್ನು ಕಸದ ಆಟೋಗೆ ಹಾಕಬಹುದೆ? ಗುಜರಿಯವರಿಗೆ ಕೊಡಬಹುದೆ? ಡಿಸ್ಟ್ರಿಬ್ಯೂಟರ್‌ಗೆ ವಾಪಸ್ ಕಳಿಸಬೇಕೆ? ಅದಕ್ಕೂ ಮೊದಲು, ಇದು ಕಸವೋ ಸರಕೋ? ಇವಕ್ಕೆ ನೇರ ಉತ್ತರ ಸಿಗುವುದು ಕಷ್ಟ. ಯಾಕೆ ಕಷ್ಟ ಎಂಬುದಕ್ಕೆ ಕಾರಣ ನಮ್ಮ ಕಸದ ಕಾನೂನುಗಳು ಬೆಳೆದುಬಂದ ರೀತಿಯಲ್ಲಿದೆ.

ಒಂದು ಟ್ಯೂಬ್‌ಲೈಟಿಗೆ ಎಷ್ಟು ಕಾನೂನು?

1984ರ ಭೋಪಾಲ ದುರಂತದ ಬೆನ್ನಿಗೆ, 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರಡಿಯಲ್ಲಿ 1989ರಲ್ಲಿ ಅಪಾಯಕಾರಿ ತ್ಯಾಜ್ಯದ ಮೊದಲ ನಿಯಮಗಳು ಬಂದವು. ಕಣ್ಣಮುಂದೆ ಇದ್ದದ್ದು ಕಾರ್ಖಾನೆ. 1998ರಲ್ಲಿ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮಗಳು ಆಸ್ಪತ್ರೆಗಳಿಗಾಗಿ, 2000ದಲ್ಲಿ ನಗರಗಳ ಕಸಕ್ಕಾಗಿ, 2001ರಲ್ಲಿ ಬ್ಯಾಟರಿಗಾಗಿ, 2011ರಲ್ಲಿ ಇ-ತ್ಯಾಜ್ಯಕ್ಕಾಗಿ ಒಂದೊಂದು ನಿಯಮಾವಳಿ ಸೇರಿಕೊಂಡಿತು. ಕಾಲಕಾಲಕ್ಕೆ ಎಲ್ಲವೂ ಪರಿಷ್ಕೃತವಾದವು. ಮೂಲ ಪ್ರಶ್ನೆ ಮಾತ್ರ ಬಹುಪಾಲು ಹಾಗೇ ಉಳಿಯಿತು: ಈ ಕಸ ಎಲ್ಲಿಂದ ಬಂತು? ಕಾರ್ಖಾನೆಯಿಂದಲೋ, ಆಸ್ಪತ್ರೆಯಿಂದಲೋ, ಮನೆಯಿಂದಲೋ?

ಅಂಗಡಿ ಈ ಮೂರೂ ಅಲ್ಲ. 2016ರ ಘನತ್ಯಾಜ್ಯ ನಿಯಮಗಳು ‘ಗೃಹ ಅಪಾಯಕಾರಿ ತ್ಯಾಜ್ಯ’ಕ್ಕೆ ಒಳ್ಳೆಯ ಪಟ್ಟಿಯನ್ನೇ ಕೊಟ್ಟಿದ್ದವು: ಪೇಂಟ್ ಡ್ರಮ್ಮು, ಕೀಟನಾಶಕದ ಡಬ್ಬಿ, ಸಿಎಫ್‌ಎಲ್ ಬಲ್ಬು, ಟ್ಯೂಬ್‌ಲೈಟು, ಅವಧಿ ಮೀರಿದ ಔಷಧಿ, ಒಡೆದ ಪಾದರಸದ ಥರ್ಮಾಮೀಟರು, ಬಳಸಿದ ಬ್ಯಾಟರಿ, ಸೂಜಿ, ಸಿರಿಂಜು. ಆದರೆ ವ್ಯಾಖ್ಯೆಯ ಕೊನೆಯಲ್ಲಿ ಒಂದು ಷರತ್ತಿತ್ತು, ಇವು ಮನೆಗಳ ಮಟ್ಟದಲ್ಲಿ ಹುಟ್ಟಿದ್ದಾಗಿರಬೇಕು. ಇತ್ತ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿ ಕೈಗಾರಿಕಾ ಪ್ರಕ್ರಿಯೆಗಳ ಪಟ್ಟಿ. ಅವಧಿ ಮೀರಿದ ಕೀಟನಾಶಕ ಅಲ್ಲಿದೆ, ಕೀಟನಾಶಕ ತಯಾರಿಕೆಯ ಕೆಳಗೆ. ಅವಧಿ ಮೀರಿದ ಔಷಧಿಯೂ ಇದೆ, ಔಷಧಿ ತಯಾರಿಕೆಯ ಕೆಳಗೆ. ಅದೇ ಬಾಟಲಿ ದಾವಣಗೆರೆಯ ಒಂದು ಅಂಗಡಿಯ ಕಪಾಟಿನಲ್ಲಿ ಅವಧಿ ಮೀರಿದರೆ, ಎರಡು ಪಟ್ಟಿಗಳ ನಡುವೆ ನಿಲ್ಲುತ್ತದೆ.

ಟ್ಯೂಬ್‌ಲೈಟಿನದು ತಿರುಗಾಮುರುಗಾ ಸಮಸ್ಯೆ. ಅದರೊಳಗೆ ಕೆಲವು ಮಿಲಿಗ್ರಾಂ ಪಾದರಸವಿರುವುದರಿಂದ ಗೃಹ ಅಪಾಯಕಾರಿ ಕಸದ ಪಟ್ಟಿಯಲ್ಲಿತ್ತು. ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲೂ ಇದೆ. ಈಗ ಬಲ್ಬುಗಳೆಲ್ಲ ವಿಶೇಷ ಕಾಳಜಿಯ ಗುಂಪಿನಲ್ಲಿವೆ. ಬೆಂಗಳೂರಿನಲ್ಲಿ ಇನ್ನೊಂದು ಪದರ ಸೇರುತ್ತದೆ. ಹೈಕೋರ್ಟ್ 2015ರ ಡಿಸೆಂಬರ್‌ನಲ್ಲಿ ಕಡ್ಡಾಯ ಮಾಡಿದ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಯಲ್ಲಿ ಹಸಿರು ಬುಟ್ಟಿ ಹಸಿ ಕಸಕ್ಕೆ, ಚೀಲ ಒಣ ಕಸಕ್ಕೆ, ಕೆಂಪು ಬುಟ್ಟಿ ಉಳಿದದ್ದಕ್ಕೆ. ಡಯಾಪರ್ ಬೀಳುತ್ತಿದ್ದ ಕೆಂಪು ಬುಟ್ಟಿಗೇ ಬ್ಯಾಟರಿ, ಮಾತ್ರೆಗಳೂ ಬೀಳುವುದು ರೂಢಿಯಾಯಿತು. ಹೊಸ ನಿಯಮ ಆ ಬುಟ್ಟಿಯನ್ನು ಎರಡಾಗಿ ಸೀಳಬೇಕು ಎನ್ನುತ್ತಿದೆ. ಹತ್ತು ವರ್ಷದ ಅಭ್ಯಾಸ ಒಂದು ಅಧಿಸೂಚನೆಗೆ ಬದಲಾಗುವುದಿಲ್ಲ.

ಸರಕು ಯಾವಾಗ ಕಸವಾಗುತ್ತದೆ?

ಕಾರ್ಖಾನೆಯಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಕೊಳವೆಯಿಂದ ಹೊರಬಂದ ಕೆಸರು ಹುಟ್ಟಿನಿಂದಲೇ ಕಸ. ಅಂಗಡಿಯಲ್ಲಿ ಕಸವಾಗುವ ಪ್ರತಿಯೊಂದು ವಸ್ತುವೂ ನಿನ್ನೆಯವರೆಗೆ ಬೆಲೆಯಿದ್ದ ಸರಕು. ಮುಚ್ಚಳ ಸಡಿಲವಾದ ಫಿನೈಲ್ ಬಾಟಲಿಯನ್ನು ಬಟ್ಟೆಯಿಂದ ಒರೆಸಿ ಮತ್ತೆ ಕಪಾಟಿಗೆ ಇಟ್ಟರೆ ಸರಕು, ಮೂಲೆಗೆ ಸರಿಸಿದರೆ ಕಸ. ಆ ತೀರ್ಮಾನ ಮಾಡುವವರು ಸಾಮಾನ್ಯವಾಗಿ ಮಾಲೀಕರೂ ಅಲ್ಲ, ಸ್ಟಾಕ್ ಜೋಡಿಸುವ ಹುಡುಗ, ಸಂಜೆ ನೆಲ ಒರೆಸುವ ಹೆಂಗಸು. ನಮ್ಮ ಯಾವ ನಿಯಮವೂ ನೇರವಾಗಿ ಅವರೊಡನೆ ಮಾತಾಡಿಲ್ಲ ಎಂಬುದೇ ಈ ಇಡೀ ವಿಷಯದ ದೊಡ್ಡ ಲೋಪ.

ಎರಡು ಬಗೆಯ ಅಂಗಡಿಗಳಿಗೆ ಮಾತ್ರ ಕಾನೂನು ಈ ಕ್ಷಣವನ್ನು ಹಿಂದಿನಿಂದಲೂ ಗೊತ್ತುಮಾಡಿಕೊಟ್ಟಿದೆ. 1945ರ ಔಷಧಿ ನಿಯಮಗಳ 65ನೇ ನಿಯಮದ ಪ್ರಕಾರ, ಅವಧಿ ಮೀರಿದ ಔಷಧಿಯನ್ನು ಮೆಡಿಕಲ್ ಸ್ಟೋರಿನವರು ಮಾರುವಂತಿಲ್ಲ. ಕಂಪನಿಗೆ ವಾಪಸ್ ಕಳಿಸುವ ವ್ಯವಸ್ಥೆ ಮಾಡಿದ್ದರೆ, ಅದು ಹೋಗುವವರೆಗೆ ಮಾರಾಟದ ಸ್ಟಾಕಿನಿಂದ ಬೇರೆಯಾಗಿ, ‘ಮಾರಾಟಕ್ಕಲ್ಲ’ ಎಂದು ಎದ್ದುಕಾಣುವಂತೆ ಬರೆದ ಪೆಟ್ಟಿಗೆಯಲ್ಲಿ ಇಡಬಹುದು. 1971ರ ಕೀಟನಾಶಕ ನಿಯಮಗಳೂ ಗೊಬ್ಬರ-ಔಷಧಿ ಅಂಗಡಿಗಳಿಗೆ ಇಂಥದ್ದೇ ಶಿಸ್ತು ಹೇಳುತ್ತವೆ: ಅವಧಿ ಮುಗಿದ ಕೂಡಲೇ ಬೇರ್ಪಡಿಸಿ, ಮುದ್ರೆ ಒತ್ತಿ, ಗುರುತು ಮಾಡಿದ ಪ್ರತ್ಯೇಕ ಜಾಗದಲ್ಲಿಡಬೇಕು.

ಕಿರಾಣಿ ಅಂಗಡಿ, ಸೂಪರ್ ಮಾರ್ಕೆಟ್, ಹಾರ್ಡ್‌ವೇರ್, ಪೇಂಟ್ ಅಂಗಡಿ, ಮೊಬೈಲ್ ರಿಪೇರಿ ಮಳಿಗೆಗಳಿಗೆ ಇಂಥ ಅಭ್ಯಾಸ ಹತ್ತಿಸಿದವರಿಲ್ಲ. ಆಸಿಡ್ ವಿಷಯದಲ್ಲಿ ಇದು ಎದ್ದು ಕಾಣುತ್ತದೆ. ಆಸಿಡ್ ದಾಳಿಗಳ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈಯಲ್ಲಿ ಚಿಲ್ಲರೆ ಮಾರಾಟಕ್ಕೆ ಕಟ್ಟುನಿಟ್ಟಿನ ಷರತ್ತು ಹಾಕಿತು. ಕೊಂಡವರ ವಿಳಾಸ ದಾಖಲಿಸುವ ರಿಜಿಸ್ಟರ್ ಇರಬೇಕು, ಸ್ಟಾಕನ್ನು 15 ದಿನದೊಳಗೆ ಉಪವಿಭಾಗಾಧಿಕಾರಿಗೆ ತಿಳಿಸಬೇಕು, ಮುಚ್ಚಿಟ್ಟರೆ 50,000 ರೂಪಾಯಿವರೆಗೆ ದಂಡ. ಮಾರಿದ ಬಾಟಲಿಗೆ ಹೀಗೆ ಲೆಕ್ಕವಿದೆ. ತಳ ಸೀಳಿ ಸೋರಿದ ಬಾಟಲಿ ಎಲ್ಲಿ ಹೋಯಿತು ಎಂದು ಆ ರಿಜಿಸ್ಟರಿನಲ್ಲಿ ಕೇಳುವ ಕಾಲಂ ಇಲ್ಲ.

ಅಮೆರಿಕದಲ್ಲಿ ಆದದ್ದು

ದೊಡ್ಡ ಚಿಲ್ಲರೆ ಮಳಿಗೆಗಳಲ್ಲಿ ಗುರುತಿಸುವಿಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕೋರ್ಟಿನಲ್ಲೇ ದಾಖಲಾದ ಉದಾಹರಣೆ ವಾಲ್‌ಮಾರ್ಟ್‌ನದು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ಮಳಿಗೆಯ ಕೆಲಸಗಾರರೊಬ್ಬರು ಬ್ಲೀಚ್ ದ್ರವವನ್ನು ಚರಂಡಿಗೆ ಸುರಿಯುತ್ತಿದ್ದುದು ಆರೋಗ್ಯ ಇಲಾಖೆಯ ಸಿಬ್ಬಂದಿಯ ಕಣ್ಣಿಗೆ ಬಿತ್ತು. ಅಲ್ಲಿಂದ ಶುರುವಾದ ತನಿಖೆ 2010ರಲ್ಲಿ ಆ ರಾಜ್ಯದ ಜೊತೆ 2.76 ಕೋಟಿ ಡಾಲರ್ ಒಪ್ಪಂದದಲ್ಲಿ ಮುಗಿಯಿತು. 2013ರ ಮೇ ತಿಂಗಳಲ್ಲಿ ಕಂಪನಿ ಕೇಂದ್ರ ಸರ್ಕಾರದ ಮೊಕದ್ದಮೆಗಳಲ್ಲಿ ತಪ್ಪೊಪ್ಪಿಕೊಂಡು 8.16 ಕೋಟಿ ಡಾಲರ್ ತೆರಲು ಒಪ್ಪಿತು. ಹಿಂದಿನ ಪ್ರಕರಣಗಳೂ ಸೇರಿ ಒಟ್ಟು 11 ಕೋಟಿ ಡಾಲರ್ ದಾಟಿತು. ಟಾರ್ಗೆಟ್, ಸಿವಿಎಸ್, ಕಾಸ್ಟ್‌ಕೊ ಮುಂತಾದ ಸರಣಿ ಮಳಿಗೆಗಳೂ ಇಂಥದ್ದೇ ಆರೋಪಗಳಲ್ಲಿ ದಂಡ ತೆತ್ತಿವೆ.

ಸರ್ಕಾರ ಕೋರ್ಟಿನ ಮುಂದಿಟ್ಟ ಮುಖ್ಯ ದೋಷ ಸರಳವಾಗಿತ್ತು. 2006ರ ಜನವರಿಯವರೆಗೆ ಮಳಿಗೆ ಮಟ್ಟದ ಸಿಬ್ಬಂದಿಗೆ ಅಪಾಯಕಾರಿ ಕಸದ ಬಗ್ಗೆ ತರಬೇತಿಯೇ ಇರಲಿಲ್ಲ. ಹಾಗಾಗಿ ಗಟ್ಟಿ ವಸ್ತು ಊರ ಕಸದ ತೊಟ್ಟಿಗೆ, ದ್ರವ ಚರಂಡಿಗೆ. ಉಳಿದದ್ದು ಸರಿಯಾದ ದಾಖಲೆಗಳಿಲ್ಲದೆ ಲಾರಿಯಲ್ಲಿ ‘ವಾಪಸಾತಿ ಕೇಂದ್ರ’ಗಳಿಗೆ ಹೋಯಿತು. ಈ ಕೊನೆಯ ಭಾಗ ನಮಗೆ ಹೆಚ್ಚು ಹತ್ತಿರದ್ದು. ‘ಇದು ಕಸವಲ್ಲ, ರಿಟರ್ನ್’ ಎಂದು ಹೆಸರು ಬದಲಿಸಿದರೆ ಡಬ್ಬಿಯೊಳಗಿನ ವಿಷ ಬದಲಾಗುವುದಿಲ್ಲ, ದಾರಿಯಲ್ಲಿ ಸೋರಿದರೆ ಹೊಣೆ ಯಾರದೆಂಬುದು ಮಾತ್ರ ಮಸುಕಾಗುತ್ತದೆ.

ಆ ದೇಶದ ಇನ್ನೊಂದು ಅನುಭವ ವ್ಯಾಪಾರಿಗಳ ಪರವಾಗಿ ನಿಲ್ಲುತ್ತದೆ. ನಿಕೋಟಿನ್ ಅಲ್ಲಿ ‘ತೀವ್ರ ಅಪಾಯಕಾರಿ’ ಪಟ್ಟಿಯಲ್ಲಿದ್ದುದರಿಂದ, ಸಿಗರೇಟು ಬಿಡಲು ಜಗಿಯುವ ನಿಕೋಟಿನ್ ಗಮ್ ಕೂಡ ಅದೇ ಲೆಕ್ಕಕ್ಕೆ ಬರುತ್ತಿತ್ತು. ಆ ಪಟ್ಟಿಯ ಕಸ ತಿಂಗಳಿಗೆ ಒಂದು ಕಿಲೋ ದಾಟಿದರೆ ಸಣ್ಣ ಔಷಧಿ ಅಂಗಡಿಯೂ ‘ದೊಡ್ಡ ಉತ್ಪಾದಕ’ರ ಸಾಲಿಗೆ ಸೇರಿ, ಕಾರ್ಖಾನೆಗಿರುವಷ್ಟು ಕಾಗದಪತ್ರ ಇಡಬೇಕಿತ್ತು. 2019ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಗಮ್, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್, ಲೋಜೆಂಜ್‌ಗಳನ್ನು ಆ ಪಟ್ಟಿಯಿಂದ ಬಿಟ್ಟಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸ್ಪ್ರೇ ಡಬ್ಬಿಗಳನ್ನೂ ಸರಳ ನಿಯಮಗಳ ಗುಂಪಿಗೆ ಸೇರಿಸಿತು. ಅಳತೆ ಮೀರಿದ ಬಿಗಿ ಜನರನ್ನು ಬಚ್ಚಿಡುವ ಕಡೆಗೆ ತಳ್ಳುತ್ತದೆ ಎಂದು ಅವರು ಕಂಡುಕೊಂಡರು. ನಾವು ನಿಯಮ ಬರೆಯುವ ಹೊತ್ತಿಗೇ ಇದನ್ನು ಗಮನಿಸುವುದು ಒಳ್ಳೆಯದು.

ಗುರುತಿಸಲು ನಾಲ್ಕು ಪ್ರಶ್ನೆ

ಕಾನೂನಿನ ಪಟ್ಟಿ ಬಾಯಿಪಾಠ ಮಾಡುವ ಅಗತ್ಯ ಅಂಗಡಿಯವರಿಗಿಲ್ಲ. ಜಗತ್ತಿನ ಬಹುತೇಕ ಕಾನೂನುಗಳ ಅಡಿಯಲ್ಲಿರುವುದು ನಾಲ್ಕು ಗುಣಗಳು: ಹೊತ್ತಿಕೊಳ್ಳುವುದು, ಕೊರೆಯುವುದು, ಕೆರಳುವುದು, ವಿಷವಾಗುವುದು.

ಹೊತ್ತಿಕೊಳ್ಳುತ್ತದೆಯೇ? ಥಿನ್ನರ್, ಟರ್ಪೆಂಟೈನ್, ನೇಲ್ ಪಾಲಿಶ್ ರಿಮೂವರ್, ಸೆಂಟು, ಸ್ಯಾನಿಟೈಸರ್, ಲೈಟರ್ ಗ್ಯಾಸು. ಡಿಯೋಡರೆಂಟ್, ಸೊಳ್ಳೆ ಸ್ಪ್ರೇಗಳಲ್ಲಿ ದ್ರವವನ್ನು ಹೊರದೂಡಲು ಹಲವು ಸಲ ತುಂಬಿರುವುದು ಎಲ್‌ಪಿಜಿ ಬಗೆಯ ಅನಿಲ. ಖಾಲಿ ಅನಿಸಿದ ಡಬ್ಬಿಯಲ್ಲೂ ಒತ್ತಡ ಉಳಿದಿರುತ್ತದೆ. ಕಸದ ಲಾರಿಯ ಒತ್ತುಯಂತ್ರದಲ್ಲಿ ಅದು ಸಿಡಿಯಬಲ್ಲದು. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಆಳವಾಗಿದೆ. ಅವಧಿ ಮುಗಿದರೆ ಸತ್ವ ಹೋಯಿತು, ಇನ್ನು ಅಪಾಯವಿಲ್ಲ ಎಂಬುದು. ಡಬ್ಬಿಯ ಮೇಲಿನ ದಿನಾಂಕ ಆ ವಸ್ತು ಎಂದಿನವರೆಗೆ ಕೆಲಸ ಮಾಡುತ್ತದೆ ಎಂದು ಹೇಳುತ್ತದೆಯೇ ಹೊರತು ಎಂದಿನವರೆಗೆ ಅಪಾಯಕಾರಿ ಎಂದಲ್ಲ. ಕೊರೊನಾ ಕಾಲದಲ್ಲಿ ತರಿಸಿ ಉಳಿದುಹೋದ ಸ್ಯಾನಿಟೈಸರ್ ಅವಧಿ ಮುಗಿದ ಮೇಲೂ ಆಲ್ಕೋಹಾಲೇ.

ಕೊರೆಯುತ್ತದೆಯೇ? ಟಾಯ್ಲೆಟ್ ಕ್ಲೀನರಿನ ಹೈಡ್ರೋಕ್ಲೋರಿಕ್ ಆಮ್ಲ, ಕಟ್ಟಿಕೊಂಡ ಪೈಪ್ ಬಿಡಿಸುವ ಕಾಸ್ಟಿಕ್ ಸೋಡಾ, ಯುಪಿಎಸ್ ಬ್ಯಾಟರಿಯ ಆಮ್ಲ. ಅಮೆರಿಕದ ನಿಯಮದಲ್ಲಿ ದ್ರವದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಮೌಲ್ಯ 2 ಅಥವಾ ಅದಕ್ಕಿಂತ ಕಡಿಮೆ, ಇಲ್ಲವೇ 12.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಅಪಾಯಕಾರಿ. ಅಂಗಡಿಯಲ್ಲಿ ಪಿಎಚ್ ಅಳೆಯುವವರಿಲ್ಲ. ಚರ್ಮಕ್ಕೆ, ಕಣ್ಣಿಗೆ ತಾಗಿದರೆ ಕೂಡಲೇ ತೊಳೆಯಿರಿ ಎಂಬ ಎಚ್ಚರಿಕೆ ಲೇಬಲ್ಲಿನಲ್ಲಿದ್ದರೆ ಅಷ್ಟೇ ಸಾಕು.

ಇನ್ನೊಂದರ ಜೊತೆ ಸೇರಿದರೆ ಕೆರಳುತ್ತದೆಯೇ? ಎಲ್ಲಕ್ಕಿಂತ ಕಡಿಮೆ ಗೊತ್ತಿರುವುದು ಇದು, ಅಂಗಡಿಯಲ್ಲಿ ಎಲ್ಲಕ್ಕಿಂತ ಬೇಗ ಕೈಗೆ ಬರುವುದೂ ಇದೇ. ಒಡೆದ ಟಾಯ್ಲೆಟ್ ಕ್ಲೀನರಿನ ಮೇಲೆ ಬ್ಲೀಚಿಂಗ್ ಪೌಡರ್ ಚೆಲ್ಲಿ ತೊಳೆದರೆ ಕ್ಲೋರಿನ್ ಅನಿಲ ಏಳುತ್ತದೆ. ಗಾಳಿಯಾಡದ ಗೋಡೌನಿನಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ. ಇಲಿ ಪಾಷಾಣವಾಗಿ ಮಾರುವ ಕಪ್ಪು ಜಿಂಕ್ ಫಾಸ್ಫೈಡ್ ಪುಡಿಗೆ ತೇವ ತಗಲಿದರೆ, ಅದರಲ್ಲೂ ಆಮ್ಲ ತಗಲಿದರೆ, ಫಾಸ್ಫೀನ್ ಎಂಬ ಮಾರಕ ಅನಿಲ ಹೊರಡುತ್ತದೆ. ‘ನೀರು ಹಾಕಿ ತೊಳೆದುಬಿಡಿ’ ಎಂಬ ನಮ್ಮ ಸಹಜ ಪ್ರತಿಕ್ರಿಯೆ ಇಲ್ಲಿ ತಪ್ಪಾಗುತ್ತದೆ. ಹಿಂಬದಿಯ ಒಂದೇ ರಟ್ಟಿನ ಪೆಟ್ಟಿಗೆ ಅಪಾಯ ಎನ್ನುವುದಕ್ಕೆ ಕಾರಣ ಇದು. ಬಿಡಿಬಿಡಿಯಾಗಿ ಸುಮ್ಮನಿರುವ ವಸ್ತುಗಳನ್ನು ಆ ಪೆಟ್ಟಿಗೆ ಒಟ್ಟುಗೂಡಿಸುತ್ತದೆ.

ಲಿಥಿಯಂ ಬ್ಯಾಟರಿಯೂ ಈ ಗುಂಪಿನದೇ. ಜಜ್ಜಿದ, ಉಬ್ಬಿದ, ನೀರು ಹೊಕ್ಕ ಬ್ಯಾಟರಿ ಗಂಟೆಗಳ ನಂತರವೂ ಹೊತ್ತಿಕೊಳ್ಳಬಹುದು. 2022ರ ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಗೆ ಬಿದ್ದ ಬೆಂಕಿಯ ಹೊಗೆ ಮೇಲಿನ ಮಹಡಿಗಳ ವಸತಿಗೃಹಕ್ಕೆ ನುಗ್ಗಿ 8 ಜನ ಸತ್ತರು. ಅಲ್ಲಿದ್ದುದು ಕಸವಲ್ಲ, ವಾಹನಗಳು. ಆದರೂ ಮುಚ್ಚಿದ ಮಳಿಗೆಯಲ್ಲಿ ಬ್ಯಾಟರಿಯ ಬೆಂಕಿ ಎಷ್ಟು ಬೇಗ ಕೈಮೀರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ರಿಪೇರಿ ಅಂಗಡಿಯ ಡ್ರಾಯರಿನಲ್ಲಿ ಹಳೇ ಬ್ಯಾಟರಿಗಳನ್ನು ಒಂದರ ಮೇಲೊಂದು ತುಂಬಿಡುವುದು ತುಂಬ ಸಾಮಾನ್ಯ. ತುದಿಗಳಿಗೆ ಟೇಪು ಅಂಟಿಸಿ, ಉಬ್ಬಿದ್ದನ್ನು ಮರಳು ತುಂಬಿದ ಲೋಹದ ಡಬ್ಬದಲ್ಲಿ ಬೇರೆಯಾಗಿ ಇಟ್ಟರೆ ಅಪಾಯದ ಬಹುಪಾಲು ತಗ್ಗುತ್ತದೆ.

ಕೊನೆಯದು ವಿಷ. ಕೀಟನಾಶಕಗಳಲ್ಲಿ ಗುರುತು ಸುಲಭ, ಲೇಬಲ್ಲಿನಲ್ಲೇ ಬಣ್ಣದ ತ್ರಿಕೋನವಿದೆ. ಕೆಂಪು ಅತಿ ತೀವ್ರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಎಂದರೆ ಕಡಿಮೆ ವಿಷ ಎಂದರ್ಥ, ವಿಷವಿಲ್ಲ ಎಂದಲ್ಲ. ಓದಲು ಬಾರದವರಿಗೂ ತಿಳಿಯುವ ಈ ಏರ್ಪಾಡು ನಮ್ಮ ದೇಶದ ಒಳ್ಳೆಯ ನಿಯಮಗಳಲ್ಲಿ ಒಂದು. ಮನೆಬಳಕೆಯ ಶುಚಿಕಾರಕಗಳಿಗೂ ಇಂಥ ಬಣ್ಣದ ಗುರುತು ಕಡ್ಡಾಯವಾದರೆ ಗುರುತಿಸುವ ಕೆಲಸ ಅರ್ಧ ಮುಗಿದಂತೆ. ಈಗ ಅವುಗಳ ಎಚ್ಚರಿಕೆ ಬಹಳಷ್ಟು ಸಲ ಬಾಟಲಿಯ ಹಿಂದೆ, ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ.

ನಾಲ್ಕರಲ್ಲಿ ಒಂದಕ್ಕೆ ‘ಹೌದು’ ಎಂಬ ಉತ್ತರ ಬಂದರೂ ಸಾಕು. ಆಮೇಲೆ ಪಾಲಿಸಬೇಕಾದದ್ದು ಇಷ್ಟೆ: ಮೂಲ ಡಬ್ಬಿಯಿಂದ ಬೇರೆಯದಕ್ಕೆ ಸುರಿಯಬಾರದು, ಬೇರೆ ಬೇರೆ ಗುಣದವನ್ನು ಒಟ್ಟಿಗೆ ಇಡಬಾರದು, ಲೇಬಲ್ ಕೀಳಬಾರದು, ಚರಂಡಿಗೆ ಬಿಡಬಾರದು.

ಔಷಧಿಯ ವಿಷಯದಲ್ಲಿ ಗೊಂದಲ ಇಮ್ಮಡಿ

2025ರ ಮೇ ತಿಂಗಳಲ್ಲಿ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ ಒಂದು ಮಾರ್ಗದರ್ಶಿ ಹೊರಡಿಸಿತು. ಫೆಂಟಾನಿಲ್, ಟ್ರಾಮಡಾಲ್, ಟಾಪೆಂಟಡಾಲ್, ಡಯಾಜೆಪಾಮ್ ಸೇರಿ 17 ಔಷಧಿಗಳನ್ನು, ಉಳಿದರೆ ಅಥವಾ ಅವಧಿ ಮೀರಿದರೆ, ಟಾಯ್ಲೆಟ್ಟಿಗೆ ಹಾಕಿ ನೀರು ಬಿಡಬೇಕು ಎಂದಿತು. ಪರಿಸರದವರು ಇಷ್ಟು ವರ್ಷ ‘ಮಾತ್ರೆ ಚರಂಡಿಗೆ ಹಾಕಬೇಡಿ’ ಎಂದು ಹೇಳುತ್ತ ಬಂದಿದ್ದರಿಂದ ಓದಿದವರು ತಬ್ಬಿಬ್ಬಾದದ್ದು ಸಹಜ.

ಎರಡೂ ಮಾತಿಗೆ ಅದರದೇ ಕಾರಣವಿದೆ. ಆ 17 ಬಹುತೇಕ ಬಲವಾದ ನೋವುನಿವಾರಕಗಳು, ಮತ್ತು ಮನಸ್ಸಿನ ಮೇಲೆ ಪರಿಣಾಮ ಬೀರುವ ಮದ್ದುಗಳು. ಮನೆಯಲ್ಲಿ ಮಗು ಒಂದೇ ಒಂದು ಡೋಸ್ ನುಂಗಿದರೂ ಪ್ರಾಣಕ್ಕೆ ಕುತ್ತಾಗಬಹುದು, ಕಸದಿಂದ ಹೆಕ್ಕಿ ದುರ್ಬಳಕೆ ಮಾಡುವವರೂ ಇದ್ದಾರೆ. ಆ ತಕ್ಷಣದ ಅಪಾಯ ನೀರಿಗೆ ಸೇರುವ ಅಲ್ಪಾಂಶದ ಅಪಾಯಕ್ಕಿಂತ ದೊಡ್ಡದು ಎಂಬುದು ಸಂಸ್ಥೆಯ ಲೆಕ್ಕ. ಉಳಿದ ಮದ್ದುಗಳಿಗೆ, ಮುಖ್ಯವಾಗಿ ಆ್ಯಂಟಿಬಯಾಟಿಕ್‌ಗಳಿಗೆ, ಲೆಕ್ಕ ತಿರುಗುಮುರುಗು. ನಮ್ಮ ಕೊಳಚೆ ಶುದ್ಧೀಕರಣ ಘಟಕಗಳನ್ನು ಕಟ್ಟಿರುವುದು ಔಷಧಿಯ ಅಂಶ ತೆಗೆಯಲಿಕ್ಕಲ್ಲ. ನೀರಿನಲ್ಲಿ ಉಳಿದ ಆ್ಯಂಟಿಬಯಾಟಿಕ್ ರೋಗಾಣುಗಳಿಗೆ ಮದ್ದಿನ ವಿರುದ್ಧ ನಿಲ್ಲುವ ಶಕ್ತಿ ಕೊಡುತ್ತದೆ.

ಅಂಗಡಿಗೆ ಇದರಿಂದ ತಿಳಿಯಬೇಕಾದದ್ದು ಒಂದು. ಟಾಯ್ಲೆಟ್ಟಿನ ಮಾತು ಮನೆಯಲ್ಲಿ ಉಳಿದ ನಾಲ್ಕಾರು ಮಾತ್ರೆಗೆ ಹೇಳಿದ್ದು. ಮೆಡಿಕಲ್ ಸ್ಟೋರಿನ ಪೆಟ್ಟಿಗೆಗಟ್ಟಲೆ ಸ್ಟಾಕಿಗೆ ದಾರಿ ವಿತರಕರ ಮೂಲಕ ಕಂಪನಿಗೆ ವಾಪಸಾತಿ, ಅಲ್ಲಿಂದ ದಹನ ಘಟಕ. ಕ್ಯಾನ್ಸರಿಗೆ ಕೊಡುವ ಮದ್ದುಗಳನ್ನು 1,200 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚಿನ ಉಷ್ಣದಲ್ಲಿ ಸುಡಬೇಕೆಂದು ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೇಳುತ್ತವೆ. ಬೀದಿಬದಿಯ ಕಸಕ್ಕೆ ಬೆಂಕಿ ಹಚ್ಚಿದರೆ ಅಷ್ಟು ಉಷ್ಣ ಬರುವುದಿಲ್ಲ. ಜನರಿಂದಲೇ ಹಳೇ ಮದ್ದು ವಾಪಸ್ ಪಡೆಯುವ ‘ಎನ್‌ಪ್ರೌಡ್’ ಯೋಜನೆಯನ್ನು ಕೇರಳ 2025ರಲ್ಲಿ ಕೋಝಿಕ್ಕೋಡಿನಿಂದ ಆರಂಭಿಸಿದೆ. ಕರ್ನಾಟಕಕ್ಕೆ ಇದು ನೆರೆಮನೆಯ ಮಾದರಿ, ಎರವಲು ತರಲು ಸಂಕೋಚ ಬೇಡ.

ಯಾರ ವಾದದಲ್ಲಿ ಎಷ್ಟು ಹುರುಳು?

ಸಣ್ಣ ವ್ಯಾಪಾರಿಗಳ ತಕರಾರು ಹೀಗೆ: ಹತ್ತು ಅಡಿ ಅಗಲದ ಅಂಗಡಿಯಲ್ಲಿ ಪ್ರತ್ಯೇಕ ಜಾಗ ಎಲ್ಲಿ? ಒಡೆದ ಎರಡು ಬಾಟಲಿಯನ್ನು ಡಿಸ್ಟ್ರಿಬ್ಯೂಟರ್ ವಾಪಸ್ ತಗೊಳ್ಳುವುದಿಲ್ಲ, ಸಂಗ್ರಹ ಕೇಂದ್ರ ಎಲ್ಲಿದೆ ಎಂದು ಯಾರೂ ಹೇಳಿಲ್ಲ. ಈ ವಾದದಲ್ಲಿ ನ್ಯಾಯವಿದೆ. ಹೊಸ ನಿಯಮಗಳಲ್ಲಿ ‘ಬೃಹತ್ ಕಸ ಉತ್ಪಾದಕ’ ಎನಿಸಿಕೊಳ್ಳಲು 20,000 ಚದರ ಮೀಟರ್ ವಿಸ್ತೀರ್ಣ, ದಿನಕ್ಕೆ 40,000 ಲೀಟರ್ ನೀರಿನ ಬಳಕೆ ಅಥವಾ ದಿನಕ್ಕೆ 100 ಕಿಲೋ ಕಸ, ಇವುಗಳಲ್ಲಿ ಒಂದಾದರೂ ಇರಬೇಕು. ಮಾಲ್‌ಗಳು ಇದರೊಳಗೆ ಬರುತ್ತವೆ. ಅವಕ್ಕೆ ಗುತ್ತಿಗೆದಾರರಿದ್ದಾರೆ, ಸುರಕ್ಷತಾ ಅಧಿಕಾರಿಗಳಿದ್ದಾರೆ. ಆದರೆ ಕಸದ ತೂಕಕ್ಕೂ ಅದರ ಅಪಾಯಕ್ಕೂ ಸಂಬಂಧವಿಲ್ಲ. ದಿನಕ್ಕೆ 100 ಕಿಲೋ ತರಕಾರಿ ಸಿಪ್ಪೆ ಹಾಕುವ ಹೋಟೆಲಿಗಿಂತ, ತಿಂಗಳಿಗೆ ಎರಡು ಕಿಲೋ ಹಳೇ ಕೀಟನಾಶಕ ಹೊರಹಾಕುವ ಅಂಗಡಿಯ ಬಗ್ಗೆ ಹೆಚ್ಚು ಕಾಳಜಿ ಬೇಕು.

ತಯಾರಕರು ತಾವು ಈಗಾಗಲೇ ಇಪಿಆರ್, ಅಂದರೆ ಮಾರಿದ ಸರಕು ಕಸವಾದ ಮೇಲೂ ಅದರ ವಿಲೇವಾರಿಗೆ ತಯಾರಕರೇ ಹೊಣೆ ಎಂಬ ಹೊಣೆಗಾರಿಕೆ ಹೊತ್ತಿದ್ದೇವೆ ಎನ್ನುತ್ತಾರೆ. ಭಾಗಶಃ ನಿಜ. 2022ರ ನಿಯಮಗಳು ಸಣ್ಣ ಸೆಲ್ಲಿನಿಂದ ವಾಹನದ ಬ್ಯಾಟರಿಯವರೆಗೆ ಎಲ್ಲವನ್ನೂ ತಯಾರಕರ ಲೆಕ್ಕಕ್ಕೆ ತಂದವು, ಇ-ತ್ಯಾಜ್ಯಕ್ಕೂ ಹಾಗೇ, ಪ್ಲಾಸ್ಟಿಕ್ ಪ್ಯಾಕಿಂಗಿಗೂ ಹಾಗೇ. ಕೈಬಿಟ್ಟುಹೋದದ್ದು ಡಬ್ಬಿಯ ಒಳಗಿನದು. ಟಾಯ್ಲೆಟ್ ಕ್ಲೀನರಿನ ಬಾಟಲಿಗೆ ತಯಾರಕರು ಹೊಣೆ, ಮಾರಾಟವಾಗದೆ ಉಳಿದ ಆಮ್ಲಕ್ಕೆ ಅಲ್ಲ. ಪೇಂಟಿಗೂ ಮಾತ್ರೆಗೂ ಇದೇ ಕಥೆ. ನನ್ನ ದೃಷ್ಟಿಯಲ್ಲಿ ಇಡೀ ಸರಪಳಿ ತುಂಡಾಗುವುದು ಇಲ್ಲೇ. ಲಾಭ ಹರಿದುಬಂದ ದಾರಿಯಲ್ಲೇ ಉಳಿಕೆಯೂ ಹಿಂದಕ್ಕೆ ಹೋಗುವಂತೆ ಮಾಡದೆ ಅಂಗಡಿಯವರ ಮೇಲೆ ಮಾತ್ರ ದಂಡ ಹಾಕುವುದು ಅನ್ಯಾಯ.

ಈ ಚರ್ಚೆಯಲ್ಲಿ ದನಿ ಕಡಿಮೆ ಕೇಳಿಸುವವರು ಪೌರಕಾರ್ಮಿಕರು, ಒಣಕಸ ಕೇಂದ್ರಗಳಲ್ಲಿ ಕೈಯಿಂದಲೇ ಕಸ ಬೇರ್ಪಡಿಸುವ ಹೆಂಗಸರು. ಅಂಗಡಿಯಲ್ಲಿ ಗುರುತಿಸದೆ ಬಿಟ್ಟ ಆಮ್ಲ, ಸೂಜಿ, ಒಡೆದ ಗಾಜನ್ನು ಅವರು ಗುರುತಿಸುವುದು ಬೆರಳಿನಿಂದ.

ಮುಂದೆ ಏನಾಗಬಹುದು?

ದಂಡದ ರೂಪ ಬದಲಾಗಿದೆ. ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಐದು ವರ್ಷದವರೆಗೆ ಜೈಲು ಶಿಕ್ಷೆಯಿತ್ತು. 2023ರ ಜನ ವಿಶ್ವಾಸ್ ಕಾಯ್ದೆಯ ನಂತರ ಅದರ ಬದಲು 10,000 ರೂಪಾಯಿಯಿಂದ 15 ಲಕ್ಷದವರೆಗೆ ಹಣದ ದಂಡ ಬಂದಿದೆ. ಜೈಲಿನ ಬೆದರಿಕೆ ಇದ್ದಾಗ ಸಣ್ಣ ಅಂಗಡಿಯ ಮೇಲೆ ಮೊಕದ್ದಮೆ ಹೂಡುವುದು ಅಪರೂಪ. ಹಣದ ದಂಡ ಹಾಕುವುದು ಅಧಿಕಾರಿಗೆ ಸುಲಭ. ಆದ್ದರಿಂದ ಮುಂದಿನ ದಿನಗಳಲ್ಲಿ ಅಂಗಡಿಗಳ ತಪಾಸಣೆ ಹೆಚ್ಚುವ ಸಾಧ್ಯತೆಯಿದೆ.

ಸಂಗ್ರಹ ಕೇಂದ್ರಗಳು ತೆರೆಯುವ ಮೊದಲೇ ದಂಡ ಶುರುವಾದರೆ ಫಲ ಏನೆಂದು ಊಹಿಸುವುದು ಕಷ್ಟವಲ್ಲ. ಘನ ವಸ್ತು ರಾತ್ರಿ ಖಾಲಿ ಸೈಟಿಗೆ ಹೋಗುತ್ತದೆ, ದ್ರವ ಮೋರಿಗೆ. ಅವಧಿ ಮೀರಿದ ಔಷಧಿ, ಕೀಟನಾಶಕಗಳಿಗೆ ಹೊಸ ಲೇಬಲ್ ಅಂಟಿಸಿ ಮತ್ತೆ ಮಾರುವವರ ಕೈಗೂ ಸರಕು ಸುಲಭವಾಗಿ ಸಿಗುತ್ತದೆ. ಮೊದಲು ಕೇಂದ್ರ, ಆಮೇಲೆ ತಿಳಿವಳಿಕೆ, ಕೊನೆಗೆ ದಂಡ, ಈ ಅನುಕ್ರಮ ತಪ್ಪಿದರೆ ನಿಯಮವೇ ಕಸವನ್ನು ಬಚ್ಚಿಡಲು ಕಲಿಸಿದಂತಾಗುತ್ತದೆ.

ಕಾರ್ಖಾನೆಗಳ ಅಪಾಯಕಾರಿ ತ್ಯಾಜ್ಯಕ್ಕೆ ರಾಜ್ಯದಲ್ಲಿ ದಾಬಸ್‌ಪೇಟೆಯಂಥ ಕಡೆ ವ್ಯವಸ್ಥೆಯಿದೆ, ಆಸ್ಪತ್ರೆ ಕಸ ಸುಡುವ ಸಾಮೂಹಿಕ ಘಟಕಗಳಿವೆ, ಅಧಿಕೃತ ಇ-ತ್ಯಾಜ್ಯ ಮರುಬಳಕೆದಾರರಿದ್ದಾರೆ. ಕೊನೆಯ ತಾಣಗಳು ಇವೆ. ಅಂಗಡಿಯಿಂದ ಅಲ್ಲಿಗೆ ಹೋಗುವ ಮಧ್ಯದ ದಾರಿ ಇಲ್ಲ. ಅದನ್ನು ಹಾಕುವ ಕೆಲಸ ನಗರಪಾಲಿಕೆ, ಪುರಸಭೆ, ಗ್ರಾಮ ಪಂಚಾಯಿತಿಗಳದು. ವಾರ್ಡಿನ ಒಣಕಸ ಕೇಂದ್ರದಲ್ಲಿ ಬೀಗವಿರುವ, ಗಾಳಿಯಾಡುವ ಒಂದು ಕೋಣೆ, ನಾಲ್ಕು ಗುಣಕ್ಕೆ ನಾಲ್ಕು ಬಣ್ಣದ ಡ್ರಮ್ಮು, ತಿಂಗಳಲ್ಲಿ ಗೊತ್ತಾದ ಒಂದು ದಿನ ಅಂಗಡಿ ಸಾಲಿನಲ್ಲಿ ಬರುವ ಗಾಡಿ, ವ್ಯಾಪಾರ ಪರವಾನಗಿ ನವೀಕರಿಸುವಾಗ ಕನ್ನಡದಲ್ಲಿ ಅಚ್ಚಾದ ಒಂದು ಪುಟದ ಚಿತ್ರಪಟ. ಇಷ್ಟಕ್ಕೆ ದೆಹಲಿಯಿಂದ ಇನ್ನೊಂದು ತಿದ್ದುಪಡಿ ಬರುವವರೆಗೆ ಕಾಯಬೇಕಿಲ್ಲ. ಸ್ಥಳೀಯ ಸಂಸ್ಥೆಯ ಉಪವಿಧಿ ಸಾಕು.